ಹಣ್ಣು ನೊಣಗಳ ಹೆಸರೂ ಅವುಗಳ ಗುರುತೂ

ಮಾವು ಮಾಗುವ ಕಾಲದಲ್ಲಿ ಹೊರಗೆ ಚೆನ್ನಾಗಿ ಕಾಣುವ ಹಣ್ಣನ್ನು ಕೊಯ್ದು ನೋಡಿದರೆ ಒಳಗೆ ಬಿಳಿಯ ಹುಳುಗಳು ಮಿಡುಕಾಡುತ್ತಿರುವುದೂ, ಹೀರೆ ಹಾಗಲಗಳ ಎಳೆಗಾಯಿಗಳು ಸೊಟ್ಟಗಾಗಿ ಹಳದಿಗಟ್ಟಿ ಚಪ್ಪರದಿಂದ ಉದುರುವುದೂ ಹೂವಿನಹಡಗಲಿ ತಾಲ್ಲೂಕಿನ ಯಾವ ಭೂಮಾಲಿಕರಿಗೂ ಹೊಸ ಸಂಗತಿಯಲ್ಲ. ಈ ಎರಡು ಕೇಡುಗಳಿಗೂ ಕಾರಣವು ನೊಣವೆಂಬುದು ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿರುತ್ತದೆ. ಆದರೆ ಅದು ಒಂದೇ ನೊಣವಲ್ಲವೆಂಬುದೂ, ಒಂದಕ್ಕೆ ಒಡ್ಡಿದ ಬಲೆಗೆ ಮತ್ತೊಂದು ಬೀಳುವುದಿಲ್ಲವೆಂಬುದೂ ಸಾಕಷ್ಟು ಪ್ರಚಾರಕ್ಕೆ ಬಂದಂತೆ ಕಾಣುವುದಿಲ್ಲ. ನೊಣದ ಹೆಸರು ತಪ್ಪಿದರೆ ಬೆಳೆಯು ಕೈತಪ್ಪುವುದೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತವನಾದಕಾರಣ, ಆ ಪ್ರಸಂಗವನ್ನೇ ಮೊದಲು ನಿವೇದಿಸುವುದು ನ್ಯಾಯವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಬೇಸಗೆಯ ದಿನಗಳಲ್ಲಿ ತುಂಗಭದ್ರೆಯ ದಡಕ್ಕೆ ಸಮೀಪದ ಒಂದು ಗ್ರಾಮದ ಗೌಡರು ಕಚೇರಿಗೆ ಒಂದು ಬುಟ್ಟಿ ಹಾಗಲಕಾಯಿಗಳನ್ನು ತಂದರು. ಕಾಯಿಗಳ ಮೈಮೇಲೆ ಸೂಜಿಯಿಂದ ಚುಚ್ಚಿದಂಥ ಗುರುತುಗಳಿದ್ದವು. ಚುಚ್ಚಿದ ಕಡೆಯಿಂದ ಅಂಟು ಒಸರಿ ಒಣಗಿತ್ತು. ಒಡೆದು ನೋಡಲಾಗಿ ಒಳಗೆಲ್ಲ ಹುಳುವೇ ಹುಳು. ಅವರದು ಒಂದು ಎಕರೆಯ ಚಪ್ಪರ. ಅದರ ಮಗ್ಗುಲಿಗೆ ತಂದೆಯವರ ಕಾಲದಿಂದ ಬಂದ ಮಾವಿನ ತೋಪು. ಆ ದಿನ ಕಚೇರಿಯಲ್ಲಿ ಜನಸಂದಣಿಯು ಹೆಚ್ಚಾಗಿದ್ದುದರಿಂದ ನಾನು ಮುಂದೆ ವಿಚಾರಿಸದೆ ಒಂದು ಚೀಟಿಯ ಮೇಲೆ "ಹಣ್ಣು ನೊಣದ ಮೋಹಕ ಬಲೆ, ಆರು" ಎಂದು ಬರೆದುಕೊಟ್ಟು ಕಳುಹಿಸಿದೆನು. ಅಂಗಡಿಯವರು ಚೀಟಿಯಲ್ಲಿದ್ದುದನ್ನೇ ಕೊಟ್ಟರು. ಗೌಡರು ಅವನ್ನು ಚಪ್ಪರಕ್ಕೆ ತೂಗುಹಾಕಿದರು.

ಮೂರು ವಾರಗಳ ಮೇಲೆ ನಾನು ಆ ಗ್ರಾಮಕ್ಕೆ ಹೋದಾಗ ಅವರು ನನ್ನನ್ನು ನೇರವಾಗಿ ಚಪ್ಪರದೊಳಕ್ಕೆ ಕರೆದುಕೊಂಡು ಹೋಗಿ, "ನೋಡ್ರಿ ಸಾಹೇಬ್ರ, ಡಬ್ಬಿ ತುಂಬ ನೊಣ ಬಿದ್ದಾವ. ಖರೆ, ಕಾಯಿ ಮಾತ್ರ ಒಂದೂ ಉಳೀವಲ್ದು" ಎಂದರು. ಮಾತು ನಿಜವಾಗಿತ್ತು. ಆರು ಡಬ್ಬಿಗಳೂ ತುಂಬಿದ್ದವು; ಚಪ್ಪರದ ಕೆಳಗೆ ಕೊಳೆತ ಕಾಯಿಗಳೂ ಹಾಗೆಯೇ ಬಿದ್ದಿದ್ದವು. ಒಂದು ಡಬ್ಬಿಯನ್ನು ಕಳಚಿ ಬಿಳಿಯ ಪಂಚೆಯ ಮೇಲೆ ಸುರಿದು ಭೂತಗನ್ನಡಿಯಿಂದ ಒಂದೊಂದನ್ನಾಗಿ ನೋಡಿದೆನು. ಎಲ್ಲವೂ ಬೆನ್ನಿನ ಎರಡು ಅಂಚುಗಳಲ್ಲಿ ಒಂದೊಂದು ಹಳದಿ ಗೆರೆಯುಳ್ಳವು, ಅಂದರೆ ತೋಪಿನಿಂದ ಬಂದ ಮಾವಿನ ನೊಣಗಳು. ಹಾಗಲದ ಕೊಳೆತ ಕಾಯಿಗಳನ್ನು ನಾಲ್ಕಾರು ತೆಗೆದುಕೊಂಡು ಬಂದು ಗಾಜಿನ ಬರಣಿಯಲ್ಲಿ ಮರಳಿನ ಮೇಲಿಟ್ಟು ಬಟ್ಟೆ ಕಟ್ಟಿದೆನು. ಹುಳುಗಳು ಮರಳಿಗಿಳಿದು ಗೂಡಾಗಿ, ಎರಡು ವಾರದೊಳಗೆ ನೊಣಗಳು ಹೊರಬಿದ್ದವು. ಇವುಗಳ ಬೆನ್ನಿನ ಮೇಲೆ ಮೂರು ಗೆರೆ: ಅಂಚುಗಳಲ್ಲಿ ಎರಡು, ನಟ್ಟನಡುವೆ ಒಂದು. ಬರಣಿಯನ್ನು ಗೌಡರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಇದು ತಾನೂ ಮೂರು ನಾಮ ಹಾಕ್ಕೊಂಡು ನನಗೂ ಹಾಕೇತಿ ಬಿಡ್ರಿ" ಎಂದರು. ನಕ್ಕೆವಾದರೂ ನನಗೆ ನಾಚಿಕೆಯಾಯಿತು. ಚೀಟಿಯಲ್ಲಿ ಇನ್ನೊಂದು ಮಾತು ಹೆಚ್ಚಾಗಿ ಬರೆದಿದ್ದರೆ ಆ ಫಸಲು ಅಷ್ಟರಮಟ್ಟಿಗಾದರೂ ಉಳಿಯುತ್ತಿತ್ತು.

ಆ ಬರಣಿಯಲ್ಲಿ ಗೆರೆಯೇ ಇಲ್ಲದ ನಾಲ್ಕೈದು ಸಣ್ಣ ನೊಣಗಳೂ ಇದ್ದವು. ಅವುಗಳ ವಿಚಾರವು ಮುಂದೆ ಬರುತ್ತದೆ.

ನಮ್ಮ ಭಾಷೆಯಲ್ಲಿ ಈ ನೊಣಗಳಿಗೆ ಹೆಸರಿಲ್ಲವೆಂದಲ್ಲ. ಒಂದೇ ಹೆಸರನ್ನು ಹಲವಕ್ಕೆ ಹಂಚಿರುವುದೇ ತೊಡಕು. "ಊಜಿ" ಎಂಬ ಮಾತನ್ನೇ ನೋಡಿರಿ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ತಿನ್ನುವ ಊಜಿ ನೊಣವು 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಅದು ಟ್ಯಾಕಿನಿಡೇ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದ, ಮೈತುಂಬ ಗಡಸು ಕೂದಲುಳ್ಳ ನೊಣ. ಮಾವಿನ ನೊಣವನ್ನೂ ಹಾಗಲದ ನೊಣವನ್ನೂ ಹಲವು ಕಡೆ ಇದೇ ಊಜಿ ಎಂಬ ಹೆಸರಿನಿಂದ ಕರೆಯುತ್ತಾರೆ. ಕರಪತ್ರಗಳಲ್ಲಿಯೂ ಹಾಗೆ ಅಚ್ಚಾಗುವುದುಂಟು. ರೇಷ್ಮೆಯನ್ನೂ ಮಾವನ್ನೂ ಬೆಳೆಯುವ ಒಬ್ಬ ಗೃಹಸ್ಥನು ಅಂಗಡಿಗೆ ಹೋಗಿ "ಊಜಿಗೆ ಔಷಧಿ ಕೊಡಿರಿ" ಎಂದರೆ ಅಂಗಡಿಯವನು ಏನನ್ನು ಕೊಡಬೇಕು?

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮಾಗಿ ಹುಳಿತ ಹಣ್ಣಿನ ಸುತ್ತ ಮುತ್ತುವ, ಕೆಂಗಣ್ಣಿನ ಸಣ್ಣ ನೊರಜನ್ನು ಕಂಡು "ಇದೇ ಹುಳು ಹಾಕಿದ್ದು" ಎಂದು ಹಲವರು ಹೇಳುತ್ತಾರೆ. ಅದು ಡ್ರೊಸೊಫಿಲ ಎಂಬುದು. ವಂಶಪಾರಂಪರ್ಯದ ಗುಣಗಳನ್ನು ಅಭ್ಯಾಸಮಾಡುವುದಕ್ಕಾಗಿ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಅದನ್ನು ಸಾಕುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಅದರ ತಳಿಗಳ ಸಂಗ್ರಹವಿದೆ. ಇಂಗ್ಲಿಷಿನಲ್ಲಿ ಇದಕ್ಕೂ ಹಣ್ಣಿನ ನೊಣವೆಂದೇ ಹೆಸರು ಬಿದ್ದಿರುವುದರಿಂದ ಓದಿದವರಿಗೂ ಗೊಂದಲವಾಗುತ್ತದೆ. ಅದಕ್ಕೆ ಕೆಟ್ಟ ಹಣ್ಣು ಬೇಕು. ನಮ್ಮ ತೋಟದ ನೊಣಕ್ಕೆ ಒಳ್ಳೆಯ ಹಣ್ಣೇ ಬೇಕು. ಕಳ್ಳನು ಕನ್ನ ಕೊರೆದು ಹೋದ ಮೇಲೆ ಬಂದು ನಿಂತವರನ್ನು ಹಿಡಿದು ಕಟ್ಟಿದಂತೆ ಆ ನೊರಜಿನ ಮೇಲೆ ಔಷಧಿ ಹೊಡೆಯುವುದು ವ್ಯರ್ಥ.

ಈ ಲೇಖನದಲ್ಲಿ ಹೇಳುವ ನೊಣಗಳೆಲ್ಲವೂ ಟೆಫ್ರಿಟಿಡೇ ಎಂಬ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 5000 ಜಾತಿಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಅವುಗಳಲ್ಲಿ ಅನೇಕವು ಹಣ್ಣನ್ನು ಮುಟ್ಟುವುದೇ ಇಲ್ಲ. ಹೂವಿನ ತಲೆಗಳಲ್ಲಿಯೂ ಕಾಂಡಗಳಲ್ಲಿಯೂ ಬಾಳುತ್ತವೆ. ನಮ್ಮ ಸೀಮೆಯ ರೈತನು ನಿಜವಾಗಿ ತಿಳಿದಿರಬೇಕಾದವು ಏಳೆಂಟಕ್ಕೆ ಮೀರುವುದಿಲ್ಲ. ಇವುಗಳ ಜೀವನಕ್ರಮವು ಹೆಚ್ಚು ಕಡಿಮೆ ಒಂದೇ ಬಗೆ. ಹೆಣ್ಣು ತನ್ನ ಹಿಂಬದಿಯ ಮೊನೆಯಿಂದ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಮರಿಹುಳುಗಳಾಗಿ ತಿರುಳನ್ನು ತಿಂದು, ಬಲಿತ ಮೇಲೆ ಹಣ್ಣಿನಿಂದ ಹೊರಬಿದ್ದು ಬಿಲ್ಲಿನಂತೆ ಬಾಗಿ ನೆಗೆಯುತ್ತ ನೆಲಕ್ಕಿಳಿದು, ಮೇಲ್ಮಣ್ಣಿನಲ್ಲಿಯೇ ಕಂದು ಬಣ್ಣದ ಗೂಡಾಗುತ್ತವೆ. ಬೇಸಗೆಯಲ್ಲಿ ಒಂದು ತಲೆಮಾರಿಗೆ ಮೂರು ನಾಲ್ಕು ವಾರ ಸಾಕು.

ಶಾಸ್ತ್ರೀಯ ನಾಮಗಳೆಂದರೆ ನಾಲಗೆ ಹೊರಳದ ಮಾತುಗಳೆಂದು ಹಿರಿಯರು ಬೇಸರಪಡುವುದುಂಟು. ಆದರೆ ಅದರ ಕ್ರಮವು ಗ್ರಾಮದ ಲೆಕ್ಕವನ್ನು ಬಲ್ಲವರಿಗೆ ಹೊಸದೇನೂ ಅಲ್ಲ. ಹೊಲಕ್ಕೆ ಸರ್ವೆ ನಂಬರು ಒಂದು, ಅದರೊಳಗೆ ಹಿಸ್ಸಾ ನಂಬರು ಒಂದು. ಎರಡೂ ಸೇರಿದರೆ ಮಾತ್ರ ಹೊಲವು ಇಂಥದೇ ಎಂದು ನಿಶ್ಚಯವಾಗುತ್ತದೆ. ಹಾಗೆಯೇ ಪ್ರತಿಯೊಂದು ಜೀವಿಗೂ ಎರಡು ಮಾತಿನ ಹೆಸರು: ಮೊದಲನೆಯದು ಕುಲ, ಎರಡನೆಯದು ಜಾತಿ. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1758ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಾಣಿಗಳ ಹೆಸರಿನ ಈ ಲೆಕ್ಕವು ಆರಂಭವಾಗುತ್ತದೆ. ಎರಡು ಮಾತು ಏಕೆ ಬೇಕೆಂಬುದಕ್ಕೆ ನಮ್ಮ ತಾಲ್ಲೂಕೇ ಸಾಕ್ಷಿ. ಬರಿಯ "ಹಡಗಲಿ" ಎಂದರೆ ಸಾಲದು. ಹೂವಿನಹಡಗಲಿಯೂ ಇದೆ, ಹಿರೇಹಡಗಲಿಯೂ ಇದೆ. ಪಲ್ಲವ ರಾಜ ಶಿವಸ್ಕಂದವರ್ಮನ ಹೆಸರಾದ ತಾಮ್ರಪಟವು ಹಿರೇಹಡಗಲಿಯದು. ಮುಮ್ಮಾತನ್ನು ಬಿಟ್ಟು ಅದನ್ನು ಹುಡುಕಹೊರಟವನು ಮಲ್ಲಿಗೆಯ ಹಡಗಲಿಗೆ ಬಂದು ಬರಿಗೈಯಲ್ಲಿ ಹಿಂತಿರುಗಬೇಕಾದೀತು.

ಮಾವಿನ ನೊಣದ ಇಂದಿನ ಹೆಸರು ಬ್ಯಾಕ್ಟ್ರೊಸೆರ ಡಾರ್ಸಾಲಿಸ್. ಈ ಹೆಸರು ಸುಮ್ಮನೆ ಬಂದುದಲ್ಲ. ಫಬ್ರೀಷಿಯಸ್ ಎಂಬವನು 1794ರಲ್ಲಿಯೇ ಈ ನೊಣವನ್ನು ವರ್ಣಿಸಿ ಮಸ್ಕ ಫೆರುಜಿನಿಯ ಎಂದು ಹೆಸರಿಟ್ಟನು. ತುಕ್ಕಿನ ಬಣ್ಣದ ನೊಣವೆಂದು ಅರ್ಥ. ಆದರೆ ಅದೇ ಹೆಸರನ್ನು ಸ್ಕೊಪೊಲಿ ಎಂಬವನು 1763ರಲ್ಲಿ ಬೇರೊಂದು ನೊಣಕ್ಕೆ ಇಟ್ಟುಬಿಟ್ಟಿದ್ದನು. ಒಂದೇ ಹೆಸರು ಎರಡಕ್ಕೆ ಇರಬಾರದೆಂಬ ನಿಯಮದಂತೆ ಹಿಂದಿನದು ನಿಂತು ಮುಂದಿನದು ಬಿದ್ದುಹೋಗಬೇಕಾಯಿತು. ಇದು ಇತ್ಯರ್ಥವಾಗುವುದಕ್ಕೆ ಬಹುಕಾಲ ಹಿಡಿದುದರಿಂದ ಭಾರತದ ಹಳೆಯ ಕೀಟಗ್ರಂಥಗಳಲ್ಲಿ ನಮ್ಮ ಮಾವಿನ ನೊಣವು ಡೇಕಸ್ ಫೆರುಜಿನಿಯಸ್ ಎಂತಲೂ ಕೀಟೊಡೇಕಸ್ ಫೆರುಜಿನಿಯಸ್ ಎಂತಲೂ ಕಾಣಿಸುತ್ತದೆ. ಹಳೆಯ ಪುಸ್ತಕಗಳನ್ನು ಇಟ್ಟುಕೊಂಡಿರುವ ಮನೆತನದವರು ಅದು ಬೇರೆ ನೊಣವೆಂದು ಭಾವಿಸಬಾರದು. ಆಸ್ಟ್ರಿಯದ ಹೆಂಡೆಲ್ ಎಂಬ ವಿದ್ವಾಂಸನು ಫಾರ್ಮೋಸ ದ್ವೀಪದಿಂದ, ಎಂದರೆ ಈಗಿನ ತೈವಾನಿನಿಂದ, ಬಂದ ನೊಣಗಳನ್ನು ಪರೀಕ್ಷಿಸಿ 1912ರಲ್ಲಿ ಇಟ್ಟ ಡಾರ್ಸಾಲಿಸ್ ಎಂಬ ಹೆಸರೇ ಕೊನೆಗೆ ಉಳಿಯಿತು. ಹಡಗಲಿಯ ಮಾವಿನ ನೊಣವು ತೈವಾನಿನ ಖಾತೆಯಲ್ಲಿ ದಾಖಲಾದುದು ಹೀಗೆ.

ಮಾವು ಪೇರಲಗಳಲ್ಲಿ ಇದರ ಜೊತೆಗೆ ಇದರ ದಾಯಾದಿಗಳೂ ಇರುತ್ತವೆ. ಬ್ಯಾಕ್ಟ್ರೊಸೆರ ಜೊನೇಟ ಎಂಬುದನ್ನು ಸಾಂಡರ್ಸ್ ಎಂಬವನು 1842ರಲ್ಲಿ ವರ್ಣಿಸಿದನು. ಬ್ಯಾಕ್ಟ್ರೊಸೆರ ಕರೆಕ್ಟ ಎಂಬುದಕ್ಕೆ ಹೆಸರಿಟ್ಟವರು ಇಟಲಿಯ ಮಾರಿಯೊ ಬೆಜ್ಜಿ. ಬಿಹಾರದ ಪೂಸಾದಿಂದ ಬಂದ ನೊಣಗಳನ್ನು ಟೂರಿನ್ ಪಟ್ಟಣದಲ್ಲಿ ಕುಳಿತು ಪರೀಕ್ಷಿಸಿ 1916ರಲ್ಲಿ ಅವರು ಬರೆದ ಪ್ರಬಂಧವು ಭಾರತದ ಹಣ್ಣು ನೊಣಗಳ ವರ್ಗೀಕರಣಕ್ಕೆ ಅಡಿಪಾಯವೆನ್ನಬಹುದು. ದಕ್ಷಿಣ ಭಾರತದ ಬ್ಯಾಕ್ಟ್ರೊಸೆರ ಕೇರಿಯೇ ಎಂಬುದು ಇನ್ನೂ ಈಚಿನದು. ಕಪೂರ್ ಎಂಬ ನಮ್ಮ ದೇಶದ ಪಂಡಿತರೇ 1971ರಲ್ಲಿ ಅದನ್ನು ಬೇರೆಯೆಂದು ತೋರಿಸಿದರು. ಕಾಡಿನ ಕವಲು ಮರದ ಶಾಸ್ತ್ರೀಯ ನಾಮದಿಂದ ಅದಕ್ಕೆ ಹೆಸರು ಬಂದಿದೆ. ಅದಕ್ಕಿಂತ ಮೊದಲು ಅದನ್ನೂ ಡಾರ್ಸಾಲಿಸ್ ಎಂದೇ ಎಣಿಸಲಾಗುತ್ತಿತ್ತು.

ಹಾಗಲದ ಮೂರು ಗೆರೆಯ ನೊಣದ ಚರಿತ್ರೆಯು ಮತ್ತೊಂದು ಬಗೆಯದು. ಹವಾಯಿ ದ್ವೀಪಗಳಲ್ಲಿ ಸಿಕ್ಕ ನೊಣಗಳಿಂದ 1899ರಲ್ಲಿ ಕೊಕಿಲೆಟ್ ಎಂಬವನು ಡೇಕಸ್ ಕುಕುರ್ಬಿಟೆ ಎಂದು ಹೆಸರಿಟ್ಟನು. ಅನಂತರ ಅದನ್ನು ಬ್ಯಾಕ್ಟ್ರೊಸೆರ ಕುಲಕ್ಕೆ ಸೇರಿಸಿದರು. ಕೋಶಗಳೊಳಗಿನ ವಂಶದ್ರವ್ಯವನ್ನು ಹೋಲಿಸಿ ನೋಡುವ ವಿದ್ಯೆಯು ಬೆಳೆದ ಮೇಲೆ, ಈ ಗುಂಪು ಮಾವಿನ ನೊಣಕ್ಕಿಂತ ಡೇಕಸ್ ಕುಲಕ್ಕೆ ಹೆಚ್ಚು ಹತ್ತಿರದ ನಂಟೆಂದು ಕಂಡುಬಂದು, 2015ರಲ್ಲಿ ಅದನ್ನು ಝುಗೊಡೇಕಸ್ ಎಂಬ ಪ್ರತ್ಯೇಕ ಕುಲವನ್ನಾಗಿ ಎತ್ತಿ ನಿಲ್ಲಿಸಲಾಯಿತು. ಈಗ ಅದು ಝುಗೊಡೇಕಸ್ ಕುಕುರ್ಬಿಟೆ. ಹೆಸರು ಹೀಗೆ ಬದಲಾಗುವುದನ್ನು ಕಂಡು ಶಾಸ್ತ್ರಜ್ಞರಿಗೆ ಬೇರೆ ಕೆಲಸವಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ನಮ್ಮ ತಾಲ್ಲೂಕು 1953ರ ಅಕ್ಟೋಬರ್ 1ರ ವರೆಗೆ ಮದರಾಸು ಸರಕಾರದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಅಂದಿನಿಂದ ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು; 2021ರಲ್ಲಿ ನಾವು ವಿಜಯನಗರ ಜಿಲ್ಲೆಯವರಾದೆವು. ಹೊಲ ಅಲ್ಲಿಯೇ ಇದೆ, ಬದುವೂ ಅಲ್ಲಿಯೇ ಇದೆ. ಆದರೂ ಇಂದು ಅರ್ಜಿಯ ಮೇಲೆ ಹಳೆಯ ಜಿಲ್ಲೆಯ ಹೆಸರನ್ನು ಬರೆದರೆ ಕಾಗದವು ತಪ್ಪು ಕಚೇರಿಗೆ ಹೋಗುತ್ತದೆಯಲ್ಲವೇ, ಎಂದು ನಾನು ಉತ್ತರಕೊಟ್ಟೆನು. ಅವರು ಒಪ್ಪಿದರೋ ಇಲ್ಲವೋ ತಿಳಿಯದು, ಮತ್ತೆ ಕೇಳಲಿಲ್ಲ.

ಇನ್ನು ಗುರುತುಗಳು. ಇದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಸಾಕು. ಮೊದಲು ಬೆನ್ನನ್ನು ನೋಡತಕ್ಕದ್ದು. ಅಂಚಿನಲ್ಲಿ ಎರಡೇ ಹಳದಿ ಗೆರೆಗಳಿದ್ದು ನಡುವೆ ಗೆರೆಯಿಲ್ಲದಿದ್ದರೆ ಅದು ಮಾವು ಪೇರಲಗಳ ಗುಂಪು. ಅದರಲ್ಲಿ ಬೆನ್ನು ಬಹುಮಟ್ಟಿಗೆ ಕಪ್ಪಾಗಿ, ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ತುದಿಯವರೆಗೆ ಕಡಿಯದ ತೆಳುವಾದ ಕಂದು ಪಟ್ಟಿಯಿದ್ದು, ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದಂತೆ ಕಪ್ಪು ಗುರುತಿದ್ದರೆ ಡಾರ್ಸಾಲಿಸ್. ಆ ಪಟ್ಟಿಯು ನಡುವೆ ಕಡಿದು ರೆಕ್ಕೆಯ ತುದಿಯಲ್ಲಿ ಒಂದು ಚುಕ್ಕೆಯಷ್ಟೇ ಉಳಿದಿದ್ದರೆ ಜೊನೇಟ ಅಥವಾ ಕರೆಕ್ಟ. ಮೈ ಕೆಂಗಂದಾಗಿ ಮುಖದ ಮೇಲೆ ಎರಡು ಕಪ್ಪು ಬೊಟ್ಟುಗಳು ಬೇರೆಬೇರೆ ಇದ್ದರೆ ಜೊನೇಟ. ಬೆನ್ನು ಕಪ್ಪಾಗಿ ಮುಖದ ಬೊಟ್ಟುಗಳು ಕೂಡಿ ಅಡ್ಡಪಟ್ಟಿಯಾಗಿದ್ದರೆ ಕರೆಕ್ಟ. ಡಾರ್ಸಾಲಿಸ್ ಮತ್ತು ಕೇರಿಯೇಗಳ ಭೇದವನ್ನು ಮಾತ್ರ ಪಳಗಿದವರೇ ಹೇಳಬೇಕು; ರೈತನಿಗೆ ಅದರಿಂದ ನಷ್ಟವಿಲ್ಲ, ಏಕೆಂದರೆ ಎರಡಕ್ಕೂ ಉಪಾಯ ಒಂದೇ.

ಬೆನ್ನಿನ ಮೇಲೆ ಮೂರು ಗೆರೆಗಳಿದ್ದರೆ ಅದು ಹೀರೆ, ಹಾಗಲ, ಸವತೆ, ಕುಂಬಳಗಳ ನೊಣ. ರೆಕ್ಕೆಯ ತುದಿಯಲ್ಲಿ ದೊಡ್ಡ ಮಚ್ಚೆಯೂ ರೆಕ್ಕೆಗೆ ಅಡ್ಡಲಾಗಿ ಮಸಿಯ ಗೀಟೂ ಇದ್ದರೆ ಕುಕುರ್ಬಿಟೆ. ಮೂರು ಗೆರೆಗಳಿದ್ದೂ ಆ ಅಡ್ಡಗೀಟು ಇಲ್ಲದೆ ಬೆನ್ನಿನ ಮೇಲೆ ಕಪ್ಪು ಗುರುತುಗಳಿದ್ದರೆ ಅದರ ತಮ್ಮನಾದ ಝುಗೊಡೇಕಸ್ ಟಾವ್. ಗ್ರಾಮದವರಲ್ಲಿ ಬಳಕೆಗಾಗಿ ಮೊದಲನೆಯ ಗುಂಪಿಗೆ "ಜೋಡುಗೆರೆ ನೊಣ"ವೆಂತಲೂ ಎರಡನೆಯದಕ್ಕೆ "ಮೂಗೆರೆ ನೊಣ"ವೆಂತಲೂ ನಾನು ಹೇಳುತ್ತಿದ್ದೇನೆ. ಆ ಗೌಡರ ಊರಿನಲ್ಲಿ ಮಾತ್ರ "ನಾಮದ ನೊಣ"ವೆಂಬ ಹೆಸರೇ ನಿಂತಿದೆ.

ಬೆನ್ನಿನ ಮೇಲೆ ಗೆರೆಯೇ ಇಲ್ಲದ, ಕಿತ್ತಳೆ ಬಣ್ಣದ ಸಣ್ಣ ನೊಣವು ತೊಂಡೆ, ಸವತೆ, ಹಾಗಲಗಳಲ್ಲಿ ಸಿಕ್ಕಿದರೆ ಅದು ಡೇಕಸ್ ಸಿಲಿಯೇಟಸ್. ಲೋವ್ ಎಂಬವನು 1862ರಲ್ಲಿ ಹೆಸರಿಟ್ಟದ್ದು. ಇದನ್ನು ಕುಲದಿಂದಲೇ ಬೇರ್ಪಡಿಸುವ ಗುರುತೊಂದುಂಟು. ಬ್ಯಾಕ್ಟ್ರೊಸೆರ ಝುಗೊಡೇಕಸ್‌ಗಳ ಹೊಟ್ಟೆಯ ಮೇಲ್ಭಾಗವು ಒಂದರ ಮೇಲೊಂದು ಜಾರುವ ಬಿಡಿಬಿಡಿ ಬಿಲ್ಲೆಗಳಿಂದಾದುದು. ಡೇಕಸ್ ಕುಲದಲ್ಲಿ ಆ ಬಿಲ್ಲೆಗಳೆಲ್ಲ ಬೆಸೆದು ಒಂದೇ ಚಿಪ್ಪಾಗಿರುತ್ತವೆ. ಬರಣಿಯಲ್ಲಿ ನಾನು ಕಂಡ ಗೆರೆಯಿಲ್ಲದ ನೊಣಗಳು ಇವೇ.

ಬದುವಿನ ಬಾರಿಗಿಡದ ಹಣ್ಣಿನಲ್ಲಿ ಹುಳು ಹಾಕುವ ನೊಣವು ಇವೆಲ್ಲಕ್ಕೂ ದೂರದ್ದು. ರೆಕ್ಕೆಯ ಮೇಲೆ ಹಳದಿ ಅಡ್ಡಪಟ್ಟಿಗಳೂ ಬೆನ್ನಿನ ಮೇಲೆ ಕಪ್ಪು ಬೊಟ್ಟುಗಳೂ ಇರುವ ಇದರ ಹೆಸರು ಕಾರ್ಪೊಮಯ ವೆಸುವಿಯಾನ. ಇಟಲಿಯ ಕೋಸ್ಟ ಎಂಬವನು 1854ರಲ್ಲಿ ಇಟ್ಟ ಈ ಹೆಸರಿನಲ್ಲಿ ಅಲ್ಲಿಯ ವೆಸುವಿಯಸ್ ಎಂಬ ಬೆಂಕಿಯ ಬೆಟ್ಟವು ಸೇರಿಕೊಂಡಿದೆ. ನಮ್ಮ ಎರೆಹೊಲದ ಬಾರಿಹಣ್ಣಿಗೂ ಆ ಬೆಟ್ಟಕ್ಕೂ ಇರುವ ಸಂಬಂಧ ಇಷ್ಟೇ.

ಈ ಭೇದಗಳಿಂದ ರೈತನಿಗಾಗುವ ಪ್ರಯೋಜನವನ್ನು ತಿಳಿಯಬೇಕಾದರೆ ಪೂಸಾದ ಕಡೆಗೆ ಮತ್ತೊಮ್ಮೆ ತಿರುಗಬೇಕು. ಅಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಹೌಲೆಟ್ ಎಂಬವರ ನೆರೆಯವರೊಬ್ಬರು ಸೊಳ್ಳೆಗಳನ್ನು ಓಡಿಸುವುದಕ್ಕಾಗಿ ಕೈವಸ್ತ್ರಕ್ಕೆ ಸಿಟ್ರೊನೆಲ ಎಂಬ ಹುಲ್ಲಿನೆಣ್ಣೆಯನ್ನು ಹಾಕಿಕೊಂಡರಂತೆ. ಸೊಳ್ಳೆಯ ಬದಲು ಹಣ್ಣು ನೊಣಗಳು ಬಂದು ಮುತ್ತಿದವು. ಹೌಲೆಟರು ವಿಚ್ಛೇದಿಸಿ ನೋಡಲಾಗಿ ಬಂದವೆಲ್ಲವೂ ಗಂಡುಗಳು. ಈ ವಿಷಯವನ್ನು 1912ರಲ್ಲಿ ಪ್ರಕಟಿಸಿ, ಅವುಗಳನ್ನು ಸೆಳೆದ ದ್ರವ್ಯವು ಮೀಥೈಲ್ ಯೂಜಿನಾಲ್ ಎಂಬುದನ್ನು 1915ರಲ್ಲಿ ಅವರು ತಿಳಿಸಿದರು. ನಮ್ಮ ತುಲಸಿಯ ಎಲೆಯಲ್ಲಿಯೂ ಈ ದ್ರವ್ಯವಿರುವುದರಿಂದ ಜಜ್ಜಿದ ತುಲಸಿಗೂ ಈ ನೊಣಗಳು ಬರುತ್ತವೆ. ಇಂದು ಅಂಗಡಿಯಲ್ಲಿ ಸಿಗುವ ಮಾವಿನ ಮೋಹಕ ಬಲೆಯಲ್ಲಿರುವ ಮರದ ತುಂಡಿಗೆ ಹೀರಿಸಿರುವುದು ಇದೇ ದ್ರವ್ಯ. ಡಾರ್ಸಾಲಿಸ್, ಜೊನೇಟ, ಕರೆಕ್ಟ, ಕೇರಿಯೇ ಎಂಬ ಜೋಡುಗೆರೆಯವು ನಾಲ್ಕೂ ಇದಕ್ಕೆ ಬೀಳುತ್ತವೆ. ಮೂಗೆರೆಯವು ಇದರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಅವಕ್ಕೆ 1960ರ ಸುಮಾರಿಗೆ ಕಂಡುಹಿಡಿದ ಕ್ಯೂಲೂರ್ ಎಂಬ ಬೇರೆ ದ್ರವ್ಯವೇ ಬೇಕು. ಗೌಡರ ಚಪ್ಪರದಲ್ಲಿ ನಡೆದ ಅನ್ಯಾಯವೆಲ್ಲ ಇಷ್ಟೇ: ಮಾವಿನ ಬಲೆಯು ಪಕ್ಕದ ತೋಪಿನ ಗಂಡುಗಳನ್ನು ಕರೆತಂದು ಡಬ್ಬಿ ತುಂಬಿಸಿ ಕಣ್ಣಿಗೆ ಸಮಾಧಾನ ಕೊಟ್ಟಿತು, ಕಾಯಿ ಚುಚ್ಚುವ ನೊಣವು ತನ್ನ ಪಾಡಿಗೆ ಚುಚ್ಚುತ್ತಲೇ ಇದ್ದಿತು.

ಡೇಕಸ್ ಸಿಲಿಯೇಟಸ್ ಮತ್ತು ಬಾರಿಯ ನೊಣ, ಇವೆರಡೂ ಈ ಎರಡು ದ್ರವ್ಯಗಳಲ್ಲಿ ಯಾವುದಕ್ಕೂ ಬೀಳುವುದಿಲ್ಲ. ಆದಕಾರಣ ಬಲೆಯಲ್ಲಿ ನೊಣವಿಲ್ಲವೆಂದು ಹೊಲದಲ್ಲಿಯೂ ಇಲ್ಲವೆಂದು ತಿಳಿಯಬಾರದು. ಅವುಗಳಿಗೆ ಉದುರಿದ ಕಾಯಿಗಳ ವಿಲೇವಾರಿ, ಗಿಡದ ಬುಡದ ಮಣ್ಣನ್ನು ಕೆದಕಿ ಗೂಡುಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಇಲಾಖೆಯವರನ್ನು ಕೇಳಿ ಬೆಲ್ಲದ ಆಮಿಷವನ್ನು ಬಳಸುವುದು, ಇವೇ ಗತಿ.

ಹೆಸರಿನ ಪ್ರಶ್ನೆಯು ಹೊಲದ ಬದುವಿಗೆ ನಿಲ್ಲುವುದೂ ಇಲ್ಲ. 1994ರಲ್ಲಿ ಡಾರ್ಸಾಲಿಸ್‌ನ ಬಳಗದಿಂದ ಪಪಾಯೇ, ಫಿಲಿಪ್ಪಿನೆನ್ಸಿಸ್ ಮೊದಲಾದ ಹೊಸ ಜಾತಿಗಳನ್ನು ವಿಂಗಡಿಸಿದರು. 2003ರಲ್ಲಿ ಆಫ್ರಿಕದ ಕೀನ್ಯದಲ್ಲಿ ಕಾಣಿಸಿಕೊಂಡು ಬಹು ಬೇಗ ಆ ಖಂಡದ ಮಾವಿನ ತೋಟಗಳಿಗೆಲ್ಲ ಹರಡಿದ ನೊಣವನ್ನು 2005ರಲ್ಲಿ ಇನ್ವಾಡೆನ್ಸ್, ಎಂದರೆ ದಾಳಿಕೋರ, ಎಂದು ಕರೆದರು. ಪ್ರತಿ ಹೊಸ ಹೆಸರಿಗೂ ದೇಶ ದೇಶಗಳ ಬಂದರುಗಳಲ್ಲಿ ಹೊಸ ನಿರ್ಬಂಧ. ಕೊನೆಗೆ ಹಲವು ದೇಶಗಳ ವಿದ್ವಾಂಸರು ಕೂಡಿ ರೂಪ, ವಂಶದ್ರವ್ಯ, ಗಂಡುಹೆಣ್ಣುಗಳ ಕೂಡುವಿಕೆ, ಗಂಡಿನ ವಾಸನೆ ಎಲ್ಲವನ್ನೂ ಹೋಲಿಸಿ, ಈ ಮೂರೂ ಡಾರ್ಸಾಲಿಸ್ ಅಲ್ಲದೆ ಬೇರಲ್ಲವೆಂದು 2015ರಲ್ಲಿ ತೀರ್ಮಾನ ಪ್ರಕಟಿಸಿದರು. ಒಬ್ಬನೇ ಮನುಷ್ಯನು ನಾಲ್ಕು ಊರುಗಳಲ್ಲಿ ನಾಲ್ಕು ಹೆಸರಿನಿಂದ ಖಾತೆ ಮಾಡಿಸಿದ್ದಂತಾಯಿತು. ಇದನ್ನು ಒಪ್ಪದೆ ಇನ್ವಾಡೆನ್ಸ್ ಬೇರೆಯೇ ಎಂದು 2016ರಲ್ಲಿ ಬರೆದವರೂ ಇದ್ದಾರೆ. ಬಹುಮತವು ಮೊದಲಿನ ತೀರ್ಮಾನದ ಕಡೆಗಿದೆ.

ನಮ್ಮ ದೇಶಕ್ಕೂ ಪೆಟ್ಟು ಬಿದ್ದಿತು. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣು ನೊಣ ಮೊದಲಾದ ಕೀಟಗಳು ಕಂಡುಬಂದವೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ನಮ್ಮ ಮಾವು, ಬದನೆ, ಕೆಸು, ಹಾಗಲ, ಪಡವಲ ಈ ಐದನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿತು. ಮಾವಿನ ಮೇಲಿನ ನಿಷೇಧವು 2015ರಲ್ಲಿ ತೆಗೆದುಹೋಯಿತು. ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷಗಳ ಕಾಲ ಮುಳುಗಿಸಿ ಒಳಗಿನ ಮೊಟ್ಟೆ ಹುಳುಗಳನ್ನು ಕೊಲ್ಲುವ ಕ್ರಮವು ಅಂಥ ಮಾರಾಟಕ್ಕೆ ಬಳಕೆಯಲ್ಲಿದೆ. ಹಾಗಲಕ್ಕೆ ಅಂಥ ಸ್ನಾನವು ಒಗ್ಗುವುದಿಲ್ಲ. ಅದನ್ನು ಹೊಲದಲ್ಲಿಯೇ ಕಾಯಬೇಕು.

ನೊಣವನ್ನು ಗುರುತಿಸುವ ಕೆಲಸದಲ್ಲಿ ನಮ್ಮ ರಾಜ್ಯವು ಹಿಂದೆ ಬಿದ್ದಿಲ್ಲವೆಂಬುದನ್ನು ಹೇಳಲೇಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ನಾಡಿನ ಕೀಟಗಳ ದೊಡ್ಡ ಸಂಗ್ರಹವಿದೆ. ದಕ್ಷಿಣ ಭಾರತದ ಹಾಗೂ ಅಂಡಮಾನ್ ನಿಕೋಬಾರ್‌ಗಳ ಹಣ್ಣು ನೊಣಗಳನ್ನು ಚಿತ್ರಸಹಿತವಾಗಿ ಗುರುತಿಸುವ ಕೈಪಿಡಿಯಂಥ ಪ್ರಬಂಧವನ್ನು ಡೇವಿಡ್ ಮತ್ತು ರಮಣಿ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೋಹಕ ಬಲೆಗಳನ್ನು ರೈತರ ಕೈಗೆ ತಂದವರಲ್ಲಿ ಮುಖ್ಯರು. ಆದರೆ ಅಲ್ಲಿಯ ಪಂಡಿತರು ಎಷ್ಟೇ ನಿಪುಣರಾದರೂ ನಾವು ಕಳುಹಿಸದ ನೊಣಕ್ಕೆ ಹೆಸರು ಹೇಳಲಾರರು.

ಕಳುಹಿಸುವ ಕ್ರಮ ಹೀಗಿದೆ. ಬಲೆಯ ನೊಣವನ್ನಲ್ಲ, ಕೊಳೆತ ಕಾಯಿಯಿಂದ ಹುಟ್ಟಿದ ನೊಣವನ್ನೇ ಕಳುಹಿಸತಕ್ಕದ್ದು. ಬಲೆಗೆ ಊರೆಲ್ಲದರ ನೊಣ ಬೀಳುತ್ತದೆ. ಅಗಲ ಬಾಯಿಯ ಬರಣಿಯಲ್ಲಿ ನಾಲ್ಕು ಬೆರಳು ತೇವದ ಮರಳು ಹಾಕಿ, ಚುಚ್ಚಿದ ಕಾಯಿಗಳನ್ನು ಅದರ ಮೇಲಿಟ್ಟು, ತೆಳುಬಟ್ಟೆಯನ್ನು ಬಿಗಿಯಾಗಿ ಕಟ್ಟಿ ನೆರಳಿನಲ್ಲಿಡಬೇಕು. ಒಂದು ಬರಣಿಯಲ್ಲಿ ಒಂದೇ ಬೆಳೆಯ ಕಾಯಿ. ನೊಣ ಹೊರಬಿದ್ದ ಕೂಡಲೆ ಕೊಲ್ಲಬಾರದು. ಆಗ ಬಣ್ಣ ಇನ್ನೂ ಬಲಿತಿರುವುದಿಲ್ಲ, ಗೆರೆಗಳು ಸರಿಯಾಗಿ ತೋರುವುದಿಲ್ಲ. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಬಟ್ಟೆಯ ಮೇಲಿಟ್ಟು ಎರಡು ಮೂರು ದಿನ ಬದುಕಗೊಟ್ಟು, ಅನಂತರ ಸಣ್ಣ ಸೀಸೆಯಲ್ಲಿ ಆಲ್ಕೊಹಾಲಿಗೆ ಹಾಕಬೇಕು. ಚೀಟಿಯಲ್ಲಿ ಗ್ರಾಮ, ಸರ್ವೆ ನಂಬರು, ಬೆಳೆ, ಕಾಯಿ ಕಿತ್ತ ದಿನ, ಕಿತ್ತವರ ಹೆಸರು ಇಷ್ಟನ್ನು ಸೀಸದ ಕಡ್ಡಿಯಲ್ಲಿ ಬರೆಯತಕ್ಕದ್ದು; ಶಾಯಿಯಾದರೆ ಕರಗಿಹೋಗುತ್ತದೆ. ಹೆಸರನ್ನು ಬೆಳೆಯಿಂದ ಊಹಿಸಿ ಬರೆಯಬಾರದು. ಡಾರ್ಸಾಲಿಸ್ ಒಂದೇ 300ಕ್ಕೂ ಮಿಕ್ಕ ಬಗೆಯ ಹಣ್ಣು ಕಾಯಿಗಳಲ್ಲಿ ಬಾಳಬಲ್ಲದು. ಪೇರಲದ ನೊಣವೆಂದು ಹೆಸರಾದುದು ಮಾವಿನಲ್ಲಿಯೂ ಸಿಗುತ್ತದೆ.

ಗ್ರಾಮದ ಹಿರಿಯರಲ್ಲಿ ಇನ್ನೊಂದು ವಿಜ್ಞಾಪನೆ. ಈ ಬಲೆಗಳು ಗಂಡುಗಳನ್ನು ಮಾತ್ರ ಹಿಡಿಯುತ್ತವೆ. ಗಂಡಿಲ್ಲದೆ ಹೆಣ್ಣುಗಳು ಬಂಜೆಯಾಗಲೆಂಬುದೇ ಇದರ ಉದ್ದೇಶ. ಒಬ್ಬರ ಹೊಲದಲ್ಲಿ ಮಾತ್ರ ತೂಗುಹಾಕಿದರೆ ನೆರೆಹೊಲದಲ್ಲಿ ಕೂಡಿದ ಹೆಣ್ಣು ಹಾರಿಬಂದು ಮೊಟ್ಟೆಯಿಡುತ್ತದೆ. ಪೆಸಿಫಿಕ್ ಸಾಗರದ ರೋಟ ದ್ವೀಪದಿಂದ 1960ರ ದಶಕದಲ್ಲಿ ಮೀಥೈಲ್ ಯೂಜಿನಾಲಿನ ಆಮಿಷದಿಂದ ಡಾರ್ಸಾಲಿಸ್ ನೊಣವನ್ನು ನಿರ್ನಾಮ ಮಾಡಿದರು. ದ್ವೀಪವೆಲ್ಲ ಒಂದೇ ಹೊಲವೆಂಬಂತೆ ನಡೆದುದರಿಂದ ಅದು ಸಾಧ್ಯವಾಯಿತು. ನಮ್ಮದು ದ್ವೀಪವಲ್ಲ, ನಿರ್ನಾಮವೂ ಆಗದು. ಆದರೂ ಊರಿನವರೆಲ್ಲರೂ ಒಂದೇ ವಾರದಲ್ಲಿ ತೂಗುಹಾಕಿದರೆ ಹಾವಳಿಯು ಗಣನೀಯವಾಗಿ ಇಳಿಯುತ್ತದೆ. ಉದುರಿದ ಕಾಯಿಯನ್ನು ತಿಪ್ಪೆಗೆ ಎಸೆಯುವುದು ನೊಣಕ್ಕೆ ತೊಟ್ಟಿಲು ಕಟ್ಟಿದಂತೆ. ಎರಡಡಿ ಆಳದ ಗುಂಡಿಯಲ್ಲಿ ಹೂಳತಕ್ಕದ್ದು. ಇಂಥದನ್ನು ಹತ್ತು ಜನರನ್ನು ಕೂಡಿಸಿ ಹೇಳಬಲ್ಲವರು ಊರಿನ ಯಜಮಾನರೇ ಹೊರತು ಇನ್‌ಸ್ಪೆಕ್ಟರನಲ್ಲ.

ಹಾಗಲದ ಗೌಡರು ಮರುವರ್ಷ ತೋಪಿಗೆ ಮಾವಿನ ಬಲೆಯನ್ನೂ ಚಪ್ಪರಕ್ಕೆ ಕ್ಯೂಲೂರ್ ಬಲೆಯನ್ನೂ ಬೇರೆಬೇರೆಯಾಗಿ ಕಟ್ಟಿದರು. ಕಾಯಿ ಪೂರಾ ಉಳಿಯಲಿಲ್ಲವಾದರೂ ಸಂತೆಗೆ ಒಯ್ಯುವಷ್ಟು ಉಳಿಯಿತು. ಗೆರೆಯಿಲ್ಲದ ನೊಣದ ಕಾಟ ಮಾತ್ರ ತಪ್ಪಿಲ್ಲ. ಈಗ ಅವರ ಪಡಸಾಲೆಯ ಗೂಡಿನಲ್ಲಿ ಯಾವಾಗಲೂ ನಾಲ್ಕೈದು ಬರಣಿಗಳು ಇರುತ್ತವೆ. ಹೋದ ತಿಂಗಳು ಅವರು ತೊಂಡೆಕಾಯಿಯಿಂದ ಹುಟ್ಟಿದ ನೊಣಗಳ ಒಂದು ಸೀಸೆಯನ್ನು, ಚೀಟಿಯಲ್ಲಿ ಏನೊಂದನ್ನೂ ಬಿಡದೆ ಬರೆದು, ನನಗೆ ಮುಟ್ಟಿಸಿದರು. ಅವುಗಳಲ್ಲಿ ಎರಡು ನಾನು ಮೇಲೆ ಹೇಳಿದ ಯಾವ ಗುರುತಿಗೂ ಸರಿಯಾಗಿ ಹೊಂದುವುದಿಲ್ಲ. ಅವನ್ನು ಬೆಂಗಳೂರಿಗೆ ಕಳುಹಿಸಲಾಗಿದೆ. ಹೆಸರು ನಿಶ್ಚಯವಾದ ಕೂಡಲೆ ಈ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು. ಅಷ್ಟರಲ್ಲಿ ತೊಂಡೆ ಬೆಳೆದಿರುವ ಇತರ ಗ್ರಾಮಗಳವರೂ ಮೇಲ್ಕಂಡ ಕ್ರಮದಲ್ಲಿ ಸೀಸೆಗಳನ್ನು ಸಮೀಪದ ರೈತ ಸಂಪರ್ಕ ಕೇಂದ್ರಕ್ಕಾಗಲಿ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಮುಟ್ಟಿಸಬೇಕಾಗಿ ಕೋರಲಾಗಿದೆ.